ಆಜೀಬಾಯಿಗೆ ಬರೆದ ಕಾಗದಗಳು

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವ ನಮಗೆಲ್ಲ ದೌಂಡ್ ಗೊತ್ತು. ಅದಕ್ಕೂ ಮೊದಲು ಸಿಗುವ ಕೇಡಗಾಂವ್ ಕಣ್ಣಿಗೆ ಬೀಳುವುದು ಕಡಿಮೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲಿ. ರಮಾಬಾಯಿ ಎಂದೊಡನೆ ಪುಣೆಯಲ್ಲಿ ವಿಧವೆಯರ ಶಾಲೆಯ ಮಾತು ಬರುತ್ತದೆ, 'ಕೇಸರಿ'ಯ ಜೊತೆಗಿನ ಜಟಾಪಟಿಯ ಮಾತು ಬರುತ್ತದೆ. ಅದಕ್ಕೂ ಮುಂಚೆ ಆಕೆ ಇಂಗ್ಲೆಂಡಿನಲ್ಲಿ ಮೂರು ವರ್ಷ ನಡೆಸಿದ ಇನ್ನೊಂದು ವಾದ ಅಷ್ಟಾಗಿ ಯಾರಿಗೂ ನೆನಪಿಲ್ಲ. ಯೇಸು ದೇವರೇ, ಅಥವಾ ದೇವರು ಕಳಿಸಿದವನೇ ಎಂಬುದು ಆ ವಾದ.

ಆಕೆ ಹುಟ್ಟಿದ್ದು ನಮ್ಮ ಕಡೆಯೇ. 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯ ಪಂಡಿತರ ಸಭೆಯಲ್ಲಿ ಶಾಸ್ತ್ರಾಧಾರ ತೋರಿಸಿ ಉತ್ತರ ಕೊಟ್ಟವರು. ಮಗಳೂ ಮುಂದೆ ಯಾರು ಏನು ಹೇಳಿದರೂ ಆಧಾರ ಎಲ್ಲಿದೆ ಎಂದೇ ಕೇಳಿದಳು.

ಗಂಡ ತೀರಿಕೊಂಡ ಮೇಲೆ 1882ರಲ್ಲಿ ಪುಣೆಗೆ ಬಂದ ರಮಾಬಾಯಿ ಇಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಆಗ ಅವರ ನಂಬಿಕೆ ಹೆಚ್ಚುಕಡಿಮೆ ಬ್ರಹ್ಮಸಮಾಜದ್ದು: ದೇವರು ಒಬ್ಬನೇ. ಕ್ರೈಸ್ತಮತದ ಕಡೆ ಅವರನ್ನು ಒಲಿಸಿದವರಲ್ಲಿ ಮುಖ್ಯರು ನೆಹೆಮಿಯಾ ಗೋರೆ. ಕಾಶಿಯಲ್ಲಿ ನೀಲಕಂಠಶಾಸ್ತ್ರಿಯಾಗಿದ್ದು, 1848ರಲ್ಲಿ ದೀಕ್ಷಾಸ್ನಾನ ಪಡೆದ ಚಿತ್ಪಾವನ ಪಂಡಿತರು. ಬ್ರಹ್ಮಸಮಾಜದ ಏಕದೇವವಾದ ಹಿಂದೂ ಶಾಸ್ತ್ರದ್ದಲ್ಲ, ಕ್ರೈಸ್ತರಿಂದ ಬಂದದ್ದು ಎಂಬ ಅವರ ವಾದ ರಮಾಬಾಯಿಗೆ ಒಪ್ಪಿಗೆಯಾಯಿತು.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ, ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ, ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಇನ್ನು ಎಲ್ಲ ಸರಿಹೋಯಿತು ಎಂದು ಮಠದವರು ಅಂದುಕೊಂಡಿರಬೇಕು. ತಕರಾರು ಶುರುವಾದದ್ದೇ ಆಮೇಲೆ.

ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಅಥನೇಸಿಯಸ್ಸನ ಹೆಸರಿನ ಒಂದು ವಿಶ್ವಾಸಪ್ರಮಾಣವಿದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಸಮಾನರು, ಆದರೂ ದೇವರು ಒಬ್ಬನೇ, ಇದನ್ನು ನಂಬದವರಿಗೆ ರಕ್ಷಣೆಯಿಲ್ಲ ಎಂಬುದು ಅದರ ಸಾರ. ನಮ್ಮ ಕ್ರೈಸ್ತರು ತ್ರಿಯೇಕ ದೇವರು ಎನ್ನುವುದು ಇದನ್ನೇ. ಪ್ರಾಟೆಸ್ಟೆಂಟರಿಗೂ ಇದು ಸುಲಭದ ಮಾತಾಗಿರಲಿಲ್ಲ. ತ್ರಿತ್ವವನ್ನು ಅಲ್ಲಗಳೆದ ಸರ್ವೆಟಸ್‌ನನ್ನು 1553ರಲ್ಲಿ ಸುಟ್ಟದ್ದು ಕ್ಯಾಲ್ವಿನ್ನನ ಜಿನೀವಾ. ಇಂಗ್ಲೆಂಡಿನಲ್ಲಿ ತ್ರಿತ್ವವನ್ನು ನಿರಾಕರಿಸುವವರ ಮೇಲಿನ ಶಿಕ್ಷೆಯ ಕಾನೂನು ರದ್ದಾದದ್ದು 1813ರಲ್ಲಿ.

ರಮಾಬಾಯಿ ಬೈಬಲನ್ನೇ ಹಿಡಿದು ಕೇಳಿದರು. ತ್ರಿತ್ವ ಎಂಬ ಮಾತು ಅದರಲ್ಲಿ ಎಲ್ಲಿದೆ? ಯೇಸು ತಾನೇ ತಂದೆಗೆ ಪ್ರಾರ್ಥಿಸುತ್ತಾನಲ್ಲ? ಕನ್ಯೆಯಲ್ಲಿ ಹುಟ್ಟಿದ ಎಂಬುದನ್ನು ಒಪ್ಪಲೇಬೇಕೇ? ಸಿಸ್ಟರ್ ಜೆರಾಲ್ಡಿನ್ ಅವರ ಧರ್ಮಮಾತೆ. ರಮಾಬಾಯಿ ಆಕೆಯನ್ನು ಪ್ರೀತಿಯಿಂದ 'ಆಜೀಬಾಯಿ' ಎನ್ನುತ್ತಿದ್ದರು. ಆಜೀಬಾಯಿಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಸಭೆ ಹೇಳಿದ್ದನ್ನು ಮೊದಲು ಒಪ್ಪು, ಅರ್ಥ ಆಮೇಲೆ ಆಗುತ್ತದೆ ಎಂಬ ಧಾಟಿ ಆಕೆಯದು. ಅದಕ್ಕೆ 1885ರ ಮೇ ತಿಂಗಳ ಕಾಗದದಲ್ಲಿ ರಮಾಬಾಯಿ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಮ್ಮ ಪುರೋಹಿತರ ನೊಗವನ್ನು ಕಷ್ಟಪಟ್ಟು ಈಗಷ್ಟೇ ಕಳಚಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕತ್ತು ಕೊಡಲಾರೆ.

ನನಗೆ ಈ ಪತ್ರಗಳಲ್ಲಿ ಹಿಡಿಸುವುದು ದೇವತಾಶಾಸ್ತ್ರಕ್ಕಿಂತ ಇದೇ. ಆಕೆ ಪರದೇಶದಲ್ಲಿ ಮಠದವರ ಅನ್ನ ಉಣ್ಣುತ್ತಿದ್ದರು. ಕಿವಿ ಮಂದವಾಗುತ್ತಿತ್ತು. ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ. ಆಕೆಗೆ ಏನು ಕಲಿಸಬೇಕು ಎಂಬುದಕ್ಕೂ ಜಗಳ. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಆಕೆ ಗಂಡಸರಿಗೆ ಪಾಠ ಹೇಳಬಾರದೆಂದು ಇಲ್ಲಿಂದ ಮುಂಬಯಿಯ, ಲಾಹೋರಿನ ಬಿಷಪ್ಪರು ಅಡ್ಡಬಂದರು. ಅನ್ನ ಹಾಕಿದವರ ಮಾತಿಗೆ ತಲೆಯಾಡಿಸುವುದೇ ಸುಲಭವಾಗಿತ್ತು. ಆ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮಾತ್ರ ಸಂಶಯವನ್ನು ಪಾಪವೆನ್ನದೆ, ಉದ್ದುದ್ದ ಕಾಗದಗಳಲ್ಲಿ ಸಮಾಧಾನದಿಂದ ವಾದಿಸಿದರು. ಗೋರೆಯವರೂ ಸುಮ್ಮನಿರಲಿಲ್ಲ, ಯೇಸುವಿನ ದೈವತ್ವಕ್ಕೆ ಪುರಾವೆ ಕೊಟ್ಟು ಬರೆದ ಅವರ ದೀರ್ಘ ಪತ್ರ ಮುಂದೆ ಪುಸ್ತಕವಾಯಿತು.

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ಮರುವರ್ಷ ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ನಿಗೆ ಅಧ್ಯಕ್ಷರಾದವರು ಎಡ್ವರ್ಡ್ ಎವರೆಟ್ ಹೇಲ್, ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ ಪಾದ್ರಿ! ವಾಂಟೇಜ್‌ನವರ ಮುಖ ಹೇಗಾಗಿರಬೇಡ. ಆ ಹಣದಲ್ಲೇ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ಬಂತು. 1893ರಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೆಯುತ್ತಿದ್ದಾರೆಂಬ ಗಲಾಟೆಯಲ್ಲಿ ರಾನಡೆ, ಭಂಡಾರ್ಕರರು ಸದನದ ಸಲಹಾ ಮಂಡಳಿ ಬಿಟ್ಟರು. ಆ ಕಥೆ ಗೊತ್ತಿರುವುದೇ. ಅಲ್ಲಿ ಅತಿಯಾದ ಕ್ರೈಸ್ತಳು, ಇಲ್ಲಿ ಸಾಲದ ಕ್ರೈಸ್ತಳು.

ಕೊನೆಗೆ ರಮಾಬಾಯಿ ಯೇಸುವನ್ನು ರಕ್ಷಕನೆಂದು ಪೂರ್ಣವಾಗಿ ಒಪ್ಪಿಕೊಂಡರು. 1907ರಲ್ಲಿ ಬರೆದ ಆತ್ಮಕಥನದಲ್ಲಿ ಹಳೆಯ ಸಂಶಯಗಳ ಕಾವಿಲ್ಲ. ಆದರೆ ಅದು ವಾಂಟೇಜ್ ಹೇಳಿದ ದಾರಿಯಲ್ಲಿ ಆದದ್ದಲ್ಲ, ಅವರ ಸ್ವಂತ ಓದಿನಲ್ಲಿ, ತಡವಾಗಿ ಆದದ್ದು. ಓದು ಅಲ್ಲಿಗೇ ನಿಲ್ಲಲಿಲ್ಲ. ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತಮಯ ಮಾತುಗಳು ಹಳ್ಳಿಯ ಹೆಂಗಸರಿಗೆ ತಿಳಿಯವು, ವೇದಾಂತದ ಅರ್ಥವನ್ನೂ ಹೊತ್ತು ತರುತ್ತವೆ ಎಂದು, ಹೀಬ್ರೂ ಗ್ರೀಕ್ ಕಲಿತು ತಾವೇ ಅನುವಾದಕ್ಕೆ ಕೂತರು. ಕೇಡಗಾಂವ್‌ನಲ್ಲಿ ಆ ಬೈಬಲ್ ಪೂರ್ತಿಯಾಗಿ ಅಚ್ಚಾದದ್ದು 1924ರಲ್ಲಿ, ಅವರು ತೀರಿಕೊಂಡ ಎರಡು ವರ್ಷದ ಮೇಲೆ. ಆಜೀಬಾಯಿ ಜೋಪಾನ ಮಾಡಿಟ್ಟಿದ್ದ ಕಾಗದಗಳು ಮುಂಬಯಿಯಲ್ಲಿ ಪುಸ್ತಕವಾಗಿ ಬರಲು 1977 ಆಯಿತು.