ಅಗ್ನಿವಾರ್ತೆಯ ತಂತಿ

ಗೋಪುರದ ಗಂಟೆಯು ಮೊಳಗಿದರೂ ಬೆಂಕಿ ಹೊತ್ತಿರುವುದು ಯಾವ ಬೀದಿಯಲ್ಲೆಂದು ತಿಳಿಯದೆ ಜನರು ದಿಕ್ಕುಗಾಣದೆ ಓಡುತ್ತಿದ್ದ ಕಾಲದಲ್ಲಿ, ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಚಾನಿಂಗ್ ಎಂಬ ವೈದ್ಯನು, ನರಮಂಡಲವು ದೇಹದ ನೋವನ್ನು ಮಿದುಳಿಗೆ ಮುಟ್ಟಿಸುವಂತೆ ತಂತಿಯು ನಗರದ ಆಪತ್ತನ್ನು ಒಂದು ಕೇಂದ್ರಕ್ಕೆ ಮುಟ್ಟಿಸಬೇಕೆಂದು ಬಗೆದನು. ಯಂತ್ರಕುಶಲನಾದ ಮೋಸೆಸ್ ಫಾರ್ಮರನು ಆ ಭಾವನೆಗೆ ರೂಪವಿತ್ತನು. 1852ರ ಏಪ್ರಿಲಿನಲ್ಲಿ ವ್ಯವಸ್ಥೆಯು ಕಾರ್ಯಾರಂಭ ಮಾಡಿತು.

ಬೀದಿಯ ಪೆಟ್ಟಿಗೆಯನ್ನು ತೆರೆದು ಹಿಡಿಕೆಯನ್ನು ತಿರುಗಿಸಿದೊಡನೆ ಒಳಗಿನ ಚಕ್ರವು ವಿದ್ಯುತ್ಪ್ರವಾಹವನ್ನು ಮತ್ತೆ ಮತ್ತೆ ಕಡಿದು ಕೂಡಿಸುತ್ತ ಆ ಪೆಟ್ಟಿಗೆಯ ಸಂಖ್ಯೆಯನ್ನು ಕೇಂದ್ರಕ್ಕೆ ಅರುಹುತ್ತಿತ್ತು. ಅಲ್ಲಿ ಹಗಲಿರುಳೂ ಎಚ್ಚತ್ತಿದ್ದ ನೌಕರನು ಅದನ್ನೋದಿ, ಊರಿನ ಗಂಟೆಗಳನ್ನು ತಂತಿಯ ಮೂಲಕವೇ ಬಾರಿಸಿ, ಅಗ್ನಿಶಾಮಕರಿಗೆ ಬೆಂಕಿಯ ನೆಲೆಯನ್ನು ಸೂಚಿಸುತ್ತಿದ್ದನು. ಭಯಗೊಂಡ ಕೈ ಹಿಡಿಕೆಯನ್ನು ಅತಿವೇಗದಿಂದ ತಿರುಗಿಸಿದರೆ ಮಾತ್ರ ಸಂದೇಶವು ಕಲಸಿಹೋಗುತ್ತಿತ್ತು.

ಯಂತ್ರವು ಎಷ್ಟು ನಿಷ್ಠೆಯದಾದರೂ ಅದನ್ನು ಮುಟ್ಟುವ ಅಧಿಕಾರ ಯಾರದೆಂಬ ಪ್ರಶ್ನೆ ಉಳಿದೇ ಇತ್ತು. ಸುಳ್ಳು ಕರೆಗಳಿಗಂಜಿ ಪೆಟ್ಟಿಗೆಗಳಿಗೆ ಬೀಗವಿಕ್ಕಿ, ಕೀಲಿಕೈಗಳನ್ನು ಪೊಲೀಸರಿಗೂ ಕೆಲವೇ ಗೃಹಸ್ಥರಿಗೂ ಒಪ್ಪಿಸಿದ್ದರು. 1872ರ ನವೆಂಬರ್ 9ರ ಸಂಜೆ ಸಮ್ಮರ್ ಬೀದಿಯ ಮಳಿಗೆಯೊಂದು ಹೊತ್ತಿಕೊಂಡಾಗ, ಜ್ವಾಲೆಯನ್ನು ಕಂಡವರು ಹಲವರಿದ್ದರೂ 52ನೆಯ ಪೆಟ್ಟಿಗೆಯಿಂದ ಮೊದಲ ಸಂದೇಶ ಹೊರಡುವ ವೇಳೆಗೆ ಬೆಂಕಿ ಪ್ರಬಲವಾಗಿತ್ತು. ಕುದುರೆಗಳಿಗೆ ಸಾಂಕ್ರಾಮಿಕ ರೋಗ ತಗುಲಿದ್ದುದರಿಂದ ನೀರೆರಚುವ ಭಾರದ ಯಂತ್ರಗಳನ್ನು ಮನುಷ್ಯರೇ ಎಳೆದೊಯ್ದರು. ಸುಮಾರು 65 ಎಕರೆ ನೆಲದ ಮೇಲಣ 776 ಕಟ್ಟಡಗಳು ಭಸ್ಮವಾದವು. ಮೊದಲ ಸಂದೇಶದ ವಿಳಂಬದ ದೋಷವು ತಂತಿಯದಲ್ಲ, ಬೀಗದ್ದು.