ಲಕೋನಿಯಾದ ನಾಲ್ಕು ದಿನಗಳು

1942ರ ಸೆಪ್ಟೆಂಬರ್ 12ರ ರಾತ್ರಿ, ಪಶ್ಚಿಮ ಆಫ್ರಿಕದ ತೀರದಿಂದ ಬಹುದೂರ, ಅಟ್ಲಾಂಟಿಕ್ ಸಾಗರದಲ್ಲಿ ‘ಲಕೋನಿಯಾ’ ಎಂಬ ಬ್ರಿಟಿಷ್ ಹಡಗು ಟಾರ್ಪೆಡೊಗಳ ಪೆಟ್ಟಿಗೆ ಸಿಕ್ಕಿ ಮುಳುಗಿತು. ಅದನ್ನು ಹೊಡೆದದ್ದು ‘ಯು-156’ ಎಂಬ ಜರ್ಮನ್ ಜಲಾಂತರ್ಗಾಮಿ. ಅದರ ನಾಯಕ ವೆರ್ನರ್ ಹಾರ್ಟೆನ್‌ಸ್ಟೈನ್, ವಯಸ್ಸು 34. ಎರಡನೆಯ ಮಹಾಯುದ್ಧದಲ್ಲಿ ಹೀಗೆ ಮುಳುಗಿದ ಹಡಗುಗಳು ಸಾವಿರಾರು. ಅವುಗಳ ನಡುವೆ ಇದೊಂದನ್ನು ವಿಶೇಷವಾಗಿ ನೆನೆಯಲು ಕಾರಣ, ಅದು ಮುಳುಗಿದ ಮೇಲೆ ನಡೆದ ಸಂಗತಿ.

ಹಾರ್ಟೆನ್‌ಸ್ಟೈನ್ ಯುದ್ಧಕ್ಕೆ ಹಿಂಜರಿದವನಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದ ತೈಲ ಬಂದರಿಗೆ ನುಗ್ಗಿ ತೈಲನೌಕೆಗಳನ್ನು ಹೊಡೆದಿದ್ದ. ಅಂದು ಫಿರಂಗಿಯ ಬಾಯಿಗೆ ಹಾಕಿದ್ದ ಮುಚ್ಚಳವನ್ನು ತೆಗೆಯಲು ಮರೆತು, ಅದು ಸಿಡಿದು ಅವನ ಕಡೆಯವನೇ ಒಬ್ಬ ಸತ್ತ. ಆದರೂ ಅವನು ಬೇಟೆಯನ್ನು ಬಿಡಲಿಲ್ಲ. ಲಕೋನಿಯಾ ಕೂಡ ಫಿರಂಗಿಗಳನ್ನು ಹೊತ್ತ, ಸೈನಿಕರನ್ನು ಸಾಗಿಸುತ್ತಿದ್ದ ಹಡಗು. ಅವನ ದೃಷ್ಟಿಯಲ್ಲಿ ಅದು ನ್ಯಾಯವಾದ ಗುರಿ.

ಹಡಗಿನ ಹಿರಿಯ ಅಧಿಕಾರಿಗಳನ್ನು ಸೆರೆಹಿಡಿಯಬೇಕೆಂದು ಸಮೀಪಕ್ಕೆ ಬಂದಾಗ, ಕತ್ತಲಿನ ನೀರಿನಿಂದ ಇಟಾಲಿಯನ್ ಭಾಷೆಯ ಕೂಗು ಅವನಿಗೆ ಕೇಳಿಸಿತು. ಲಕೋನಿಯಾದಲ್ಲಿ ಸುಮಾರು 2,700 ಜನರಿದ್ದರು. ಅವರಲ್ಲಿ ಸುಮಾರು 1,800 ಮಂದಿ ಬ್ರಿಟಿಷರ ಸೆರೆಯಲ್ಲಿದ್ದ ಇಟಲಿಯ ಸೈನಿಕರು. ಇಟಲಿ ಆಗ ಜರ್ಮನಿಯ ಮಿತ್ರರಾಷ್ಟ್ರ. ತನ್ನವರನ್ನೇ ಮುಳುಗಿಸಿದೆನೆಂಬ ಅರಿವಿನಿಂದ ಅವನು ಜನರನ್ನು ನೀರಿನಿಂದ ಎತ್ತತೊಡಗಿದ. ಆರಂಭದಲ್ಲಿ ಅವನನ್ನು ಪ್ರೇರಿಸಿದ್ದು ದಯೆಗಿಂತ ಹೆಚ್ಚಾಗಿ ಮಿತ್ರರ ಚಿಂತೆ ಎನ್ನಬಹುದು. ಆದರೆ ಎತ್ತತೊಡಗಿದ ಮೇಲೆ ಅವನು ಭೇದವೆಣಿಸಲಿಲ್ಲ. ಬ್ರಿಟಿಷರು, ಪೋಲೆಂಡಿನ ಕಾವಲುಗಾರರು, ಹೆಂಗಸರು, ಮಕ್ಕಳು ಎಲ್ಲರಿಗೂ ಜಲಾಂತರ್ಗಾಮಿಯ ಇಕ್ಕಟ್ಟಿನ ಒಡಲಿನಲ್ಲಿ, ಮೇಲಿನ ಅಟ್ಟದಲ್ಲಿ ಜಾಗ ದೊರೆಯಿತು. ಬಿಸಿ ಪಾನೀಯ, ಆಹಾರ ದೊರೆಯಿತು. ಮಿಕ್ಕವರ ದೋಣಿಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರು.

ಸೆಪ್ಟೆಂಬರ್ 13ರಂದು ಹಾರ್ಟೆನ್‌ಸ್ಟೈನ್ ಯಾವ ಯುದ್ಧನೌಕೆಯ ನಾಯಕನೂ ಸಾಮಾನ್ಯವಾಗಿ ಮಾಡದ ಕೆಲಸ ಮಾಡಿದ. ಗುಪ್ತಲಿಪಿಯಿಲ್ಲದೆ, ನೇರ ಇಂಗ್ಲಿಷಿನಲ್ಲಿ, ತಾನಿರುವ ಸ್ಥಳವನ್ನು ಆಕಾಶಕ್ಕೆಲ್ಲ ಸಾರಿದ. ತನ್ನ ಮೇಲೆ ದಾಳಿ ಮಾಡದಿದ್ದರೆ, ರಕ್ಷಣೆಗೆ ಬರುವ ಯಾವ ಹಡಗಿನ ಮೇಲೂ ತಾನು ದಾಳಿ ಮಾಡುವುದಿಲ್ಲವೆಂದು ಮಾತು ಕೊಟ್ಟ. ಬ್ರಿಟಿಷರಿಗೆ ಇದು ಮೋಸದ ಬಲೆಯಂತೆ ತೋರಿತು. ಆದರೂ ಇನ್ನೆರಡು ಜರ್ಮನ್ ಜಲಾಂತರ್ಗಾಮಿಗಳೂ ಒಂದು ಇಟಾಲಿಯನ್ ಜಲಾಂತರ್ಗಾಮಿಯೂ ನೆರವಿಗೆ ಬಂದವು. ಫ್ರಾನ್ಸಿನ ವಿಷಿ ಸರಕಾರದ ಹಡಗುಗಳು ಹೊರಟವು.

16ರಂದು ಅಸೆನ್ಷನ್ ದ್ವೀಪದ ನೆಲೆಯಿಂದ ಅಮೆರಿಕದ ಲಿಬರೇಟರ್ ವಿಮಾನವೊಂದು ಬಂತು. ಕೆಳಗೆ ಜಲಾಂತರ್ಗಾಮಿಯ ಮೇಲೆ ದೊಡ್ಡದಾಗಿ ರೆಡ್ ಕ್ರಾಸ್ ಬಾವುಟ ಹಾಸಿತ್ತು. ಹಿಂದೆ ಜನರಿಂದ ತುಂಬಿದ ದೋಣಿಗಳಿದ್ದವು. ವಿಮಾನಚಾಲಕ ನೆಲೆಯಿಂದ ಅಪ್ಪಣೆ ಕೇಳಿದ; ಮುಳುಗಿಸೆಂಬ ಉತ್ತರ ಬಂತು. ಬಾಂಬುಗಳು ಬಿದ್ದವು; ಒಂದು ದೋಣಿಗಳ ನಡುವೆಯೇ ಸಿಡಿಯಿತು. ಹಾರ್ಟೆನ್‌ಸ್ಟೈನ್ ಹಗ್ಗಗಳನ್ನು ಕಡಿಸಿದ. ಆಶ್ರಯ ಕೊಟ್ಟವರನ್ನು ನೀರಿಗಿಳಿಸಿ ತಾನು ಮುಳುಗಿ ಪಾರಾದ. ಕೊನೆಗೆ ಉಳಿದವರು ಸುಮಾರು 1,100 ಮಂದಿ; ಹೆಚ್ಚಿನವರನ್ನು ಎತ್ತಿಕೊಂಡದ್ದು ಆ ಫ್ರೆಂಚ್ ಹಡಗುಗಳು.

ಮರುದಿನ, ಸೆಪ್ಟೆಂಬರ್ 17ರಂದು, ಜರ್ಮನ್ ಜಲಾಂತರ್ಗಾಮಿಗಳ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಸ್ ಆಜ್ಞೆ ಹೊರಡಿಸಿದ: ಮುಳುಗಿದ ಹಡಗುಗಳ ಜನರನ್ನು ರಕ್ಷಿಸುವ ಪ್ರಯತ್ನ ಇನ್ನು ಮುಂದೆ ಕೂಡದು; ಕಠಿಣರಾಗಿರಿ. ಚರಿತ್ರೆಯಲ್ಲಿ ಇದು ‘ಲಕೋನಿಯಾ ಆಜ್ಞೆ’ ಎಂದೇ ಹೆಸರಾಯಿತು. ಶತ್ರುವನ್ನು ಬದುಕಿಸಲು ಹೆಣಗಿದ ಒಂದು ಘಟನೆಯ ಹೆಸರು, ಶತ್ರುವನ್ನು ಬದುಕಿಸಬೇಡಿರೆಂಬ ಆಜ್ಞೆಗೆ ಅಂಟಿಕೊಂಡಿತು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನ ನ್ಯಾಯಾಲಯದಲ್ಲಿ ಡೋನಿಟ್ಸ್‌ನ ವಿರುದ್ಧ ಈ ಆಜ್ಞೆಯನ್ನು ಮುಂದಿಡಲಾಯಿತು. ಆಗ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಲಿಖಿತ ಸಾಕ್ಷ್ಯ ಕೊಟ್ಟ: ತನ್ನ ಹಡಗಿಗೆ ಹೆಚ್ಚಿನ ಅಪಾಯವಿದ್ದಾಗ ಅಮೆರಿಕದ ಜಲಾಂತರ್ಗಾಮಿಗಳೂ ಪೆಸಿಫಿಕ್ ಸಾಗರದಲ್ಲಿ ಶತ್ರುಗಳನ್ನು ರಕ್ಷಿಸುತ್ತಿರಲಿಲ್ಲ. 1946ರಲ್ಲಿ ಡೋನಿಟ್ಸ್‌ಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಿದ ನ್ಯಾಯಾಲಯವು, ಜಲಾಂತರ್ಗಾಮಿ ಯುದ್ಧದ ನಿಯಮಗಳ ಉಲ್ಲಂಘನೆಯನ್ನು ಆ ಶಿಕ್ಷೆಯ ಆಧಾರವಾಗಿಸಲಿಲ್ಲ.

ಆ ತೀರ್ಪನ್ನು ಕೇಳಲು ಹಾರ್ಟೆನ್‌ಸ್ಟೈನ್ ಇರಲಿಲ್ಲ. 1943ರ ಮಾರ್ಚ್ 8ರಂದು ಬಾರ್ಬಡೋಸಿನ ಪೂರ್ವಕ್ಕೆ ಅಮೆರಿಕದ ಕಟಲೀನಾ ವಿಮಾನವೊಂದು ಯು-156ನ್ನು ಮುಳುಗಿಸಿತು. ನೀರಿನಲ್ಲಿ ತೇಲುತ್ತಿದ್ದ ಕೆಲವರನ್ನು ಕಂಡು ಆ ವಿಮಾನದವರು ತೆಪ್ಪವನ್ನು ಕೆಳಗೆಸೆದರು. ಐವರು ಅದನ್ನು ಹಿಡಿದುಕೊಂಡರು. ಅವರನ್ನು ಕರೆತರಲೆಂದು ಅಮೆರಿಕದ ಯುದ್ಧನೌಕೆಯೊಂದು ಬಂದು ಹುಡುಕಿತು. ಯಾರೂ ಸಿಗಲಿಲ್ಲ. ಆಜ್ಞೆ ಏನೇ ಇರಲಿ, ಮುಳುಗುವವನ ಕಡೆಗೆ ಕೈಚಾಚುವ ಸ್ವಭಾವವು ಆ ಯುದ್ಧದಲ್ಲಿ ಯಾವ ಪಕ್ಷದಲ್ಲಿಯೂ ಪೂರ್ತಿಯಾಗಿ ಸಾಯಲಿಲ್ಲವೆಂಬುದಕ್ಕೆ, ಅಟ್ಲಾಂಟಿಕ್ಕಿನ ಈ ಎರಡು ಘಟನೆಗಳು ಸಾಕ್ಷಿಯಾಗಿ ಉಳಿದಿವೆ.