ಸಭೆಯಲ್ಲಿ ತಲೆಮಾರುಗಳ ಸೇವೆ

ಕ್ರೈಸ್ತ ಸಭೆಯೊಂದರ ಮಕ್ಕಳು, ಯುವಜನರು, ಸಂಸಾರಸ್ಥರು, ವೃದ್ಧರು ಎಲ್ಲರ ಅಗತ್ಯಗಳಿಗೂ ಒದಗುವ ಪಾಲನಾಕಾರ್ಯ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಬಡಮಕ್ಕಳಿಗೆ ಓದು ಕಲಿಸಲು ತೆರೆದ ಭಾನುವಾರದ ಶಾಲೆ ಇದಕ್ಕೆ ದೊಡ್ಡ ಚಾಲನೆ ಕೊಟ್ಟಿತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸಂಡೇ ಸ್ಕೂಲ್, ಯುವಜನರ ಕೂಟ, ಸ್ತ್ರೀಯರ ಕೂಟಗಳಿವೆ. ಹಾಸಿಗೆ ಹಿಡಿದ ಹಿರಿಯರಿಗೆ ಸಭಾಪಾಲಕರು ಮನೆಗೇ ಹೋಗಿ ಕರ್ತನ ಭೋಜನ ನೀಡುತ್ತಾರೆ.

ನಗರಗಳಲ್ಲಿ ಭಾಷೆಯೇ ಕಠಿಣ ಪ್ರಶ್ನೆ. ಅಜ್ಜಿಗೆ ಬಾಯಿಪಾಠವಾದ ಕನ್ನಡ ಕೀರ್ತನೆಯನ್ನು ಇಂಗ್ಲಿಷ್ ಮಾಧ್ಯಮದ ಮೊಮ್ಮಗ ಎಷ್ಟೋ ಸಲ ಓದಲಾರ. ಇಂಗ್ಲಿಷ್ ಆರಾಧನೆಯನ್ನು ಬೇರೆ ಹೊತ್ತಿಗಿಟ್ಟರೆ ಇಬ್ಬರಿಗೂ ಅನುಕೂಲ. ಆದರೆ ಒಂದೇ ಬೆಂಚಿನಲ್ಲಿ ಕೂರುವುದು ತಪ್ಪುತ್ತದೆ, ಈ ನಷ್ಟ ಸಣ್ಣದಲ್ಲ. ಕಾಣಿಕೆಯಾಗಿ ಬಂದ ತೆಂಗು, ಬಾಳೆ, ತರಕಾರಿಗಳನ್ನು ಹರಾಜು ಹಾಕುವ ಬೆಳೆಹಬ್ಬದಲ್ಲಿ ಮಾತ್ರ ಎಲ್ಲ ವಯಸ್ಸಿನವರೂ ಒಟ್ಟಾಗಿ ದುಡಿಯುತ್ತಾರೆ.